ಒಡೆಯದೆ ಅರಿಯುವ ಬಗೆ

ನಮ್ಮ ತಿಪಟೂರು ಸೀಮೆಯವರು ಅಟ್ಟದ ಕಾಯಿಯನ್ನು ಒಡೆಯದೆ, ಕಿವಿಯ ಬಳಿ ಅಲುಗಿಸಿಯೇ ಕೊಬ್ಬರಿ ಚಿಪ್ಪು ಬಿಟ್ಟಿತೆಂದು ಅರಿಯುತ್ತಾರೆ. ಹಿಂದೊಮ್ಮೆ ಬಿದ್ದು ತೊಡೆಮೂಳೆ ಮುರಿದುಕೊಂಡಿದ್ದ ನನ್ನ ಅಕ್ಕ ಕೇಳಿದಳು: “ಈ ಗುಳಿಗೆ ನಾಟುತ್ತಿದೆಯೇನಪ್ಪ? ಇಲ್ಲವಾದರೆ ಬಿಟ್ಟುಬಿಡುತ್ತೇನೆ.”

ಮೂಳೆ ಜಡವಲ್ಲ, ಬಾಳಿನುದ್ದಕ್ಕೂ ಕರಗುತ್ತ, ಕಟ್ಟಿಕೊಳ್ಳುತ್ತ ಇರುತ್ತದೆ. ಮುಪ್ಪಿನಲ್ಲಿ ಕರಗುವುದೇ ಹೆಚ್ಚು. ಕರಗಿದ ಮೂಳೆಯ ಕೊಲಾಜೆನ್ ಚೂರು ರಕ್ತದಲ್ಲಿ ಸಿಗುತ್ತದೆ, ಅದು ಸಿಟಿಎಕ್ಸ್. ಕಟ್ಟುವಿಕೆಯ ಗುರುತು ಪಿ1ಎನ್‌ಪಿ. 2011ರಲ್ಲಿ ಅಂತರರಾಷ್ಟ್ರೀಯ ತಜ್ಞರು ಇವೆರಡನ್ನೇ ಮಾನದಂಡವಾಗಿ ಸೂಚಿಸಿದರು. ಉಂಡರೆ ಸಿಟಿಎಕ್ಸ್ ಇಳಿಯುವುದರಿಂದ ಬೆಳಗ್ಗೆ ಬರಿಹೊಟ್ಟೆಯಲ್ಲೇ ರಕ್ತ ಕೊಡಬೇಕು.

ರೋಗನಿರ್ಣಯ ಇದರಿಂದಾಗದು, ಅದಕ್ಕೆ ಸಾಂದ್ರತೆಯ ಪರೀಕ್ಷೆಯೇ ಬೇಕು. ಆದರೆ ಔಷಧದ ಫಲ ಅಲ್ಲಿ ಕಾಣಲು ಒಂದೆರಡು ವರ್ಷ ಹಿಡಿದರೆ, ರಕ್ತದಲ್ಲಿ ಕೆಲವೇ ತಿಂಗಳಿಗೆ ಕಾಣುತ್ತದೆ. ಎಪ್ಪತ್ತೆಂಟರ ಅಕ್ಕನಿಗೆ ಆ ಅಂತರ ಸಣ್ಣದಲ್ಲ. ಅವಳ ಸಿಟಿಎಕ್ಸ್ ಇಳಿದಿತ್ತು, ಗುಳಿಗೆ ಮುಂದುವರಿಯಿತು.