ನೀಲಗಿರಿಯ ತವರಿನಲ್ಲಿ ಒಂದು ದಿನ

ಬ್ರಿಸ್ಬೇನಿಗೆ ಹೊಸದಾಗಿ ಬಂದವರು ಏಪ್ರಿಲ್ ತಿಂಗಳಲ್ಲಿ "ಇಲ್ಲಿ ಎಲೆ ಕೆಂಪಾಗೋದು ಯಾವಾಗ?" ಅಂತ ಕೇಳುವುದುಂಟು. ನಮ್ಮ ಕಾಡುಗಳಲ್ಲಿ ಅದು ಆಗುವುದಿಲ್ಲ. ಇಲ್ಲಿನ ಮುಖ್ಯ ಮರ ನೀಲಗಿರಿ. ಅದು ವರ್ಷವಿಡೀ ಹಸಿರು. ಕಳಚಿಕೊಳ್ಳುವುದು ಎಲೆಯನ್ನಲ್ಲ, ತೊಗಟೆಯನ್ನು. ಆದರೂ ಕಾಡು ಸುತ್ತಲು ಶರದೃತುವಿಗಿಂತ ಒಳ್ಳೆಯ ಕಾಲವಿಲ್ಲ. ಬೇಸಿಗೆಯ ಸೆಕೆ, ಸೊಳ್ಳೆ ಕಡಿಮೆಯಾಗಿರುತ್ತವೆ, ಬ್ಯಾಂಕ್ಸಿಯಾ ಹೂ ಬಿಡಲು ಶುರುವಾಗಿರುತ್ತದೆ.

ರನ್‌ಕಾರ್ನ್‌ನಲ್ಲಿರುವ ನಮಗೆ ಕರವಾಥ ಅರಣ್ಯ ಕಾರಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಸುಮಾರು 900 ಹೆಕ್ಟೇರ್ ಕಾಡು, ಅದೂ ನಗರದೊಳಗೆ! ಚಿತ್ರಾನ್ನ, ಮೊಸರನ್ನದ ಡಬ್ಬಿ ಕಟ್ಟಿಕೊಂಡು ಎರಡು ಮನೆಯವರು ಬೆಳಿಗ್ಗೆಯೇ ಹೊರಟೆವು. ಅಕೇಶಿಯ ರಸ್ತೆಯಲ್ಲಿರುವ ಡಿಸ್ಕವರಿ ಸೆಂಟರ್‌ನಿಂದ ಶುರು ಮಾಡಿದರೆ ಮಕ್ಕಳಿಗೆ ಅನುಕೂಲ.

ಒಳಗೆ ಹೋದ ಸ್ವಲ್ಪ ಹೊತ್ತಿಗೇ ಮಗಳು ನಿಂತುಬಿಟ್ಟಳು. "ಅಮ್ಮಾ, ಮರದ ಮೇಲೆ ಯಾರು ಗೀಚಿದ್ದು?" ಅದು ಸ್ಕ್ರಿಬ್ಲಿ ಗಮ್. ಒಂದು ಪುಟ್ಟ ಪತಂಗದ ಮರಿಹುಳು ಹಳೆ ತೊಗಟೆಗೂ ಹೊಸ ತೊಗಟೆಗೂ ನಡುವೆ ತಿನ್ನುತ್ತಾ ಸುರಂಗ ಕೊರೆಯುತ್ತದೆ. ಹಳೆಯದು ಉದುರಿದಾಗ ಆ ದಾರಿ ಅಂಕುಡೊಂಕು ಗೆರೆಯಾಗಿ ಕಾಣುತ್ತದೆ. ಇಷ್ಟು ಪರಿಚಿತವಾದ ಗೀಚಾಟದ ಹಿಂದಿರುವ ಈ ಪತಂಗಗಳಲ್ಲಿ 11 ಹೊಸ ಪ್ರಭೇದಗಳಿಗೆ ವಿಜ್ಞಾನಿಗಳು ಹೆಸರಿಟ್ಟಿದ್ದು 2012ರಲ್ಲಿ ಅಷ್ಟೆ.

ನಮ್ಮವರಿಗೆ ನೀಲಗಿರಿ ಅಂದರೆ ಅಷ್ಟೇನೂ ಪ್ರೀತಿಯಿಲ್ಲ. ಕೋಲಾರದ ಕಡೆಯವರನ್ನು ಕೇಳಿ, "ನೀರೆಲ್ಲ ಕುಡಿದುಹಾಕಿತು" ಅನ್ನುತ್ತಾರೆ. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಯ ನೀಲಗಿರಿ ಸಸಿಗಳನ್ನು ಕಿತ್ತೆಸೆದಿದ್ದರು. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ಅಲ್ಲಿ 'ಮೈಸೂರು ಗಮ್' ಎಂದು ಹೆಸರಾದ ತಳಿ ಬಹುಪಾಲು ಯೂಕಲಿಪ್ಟಸ್ ಟೆರೆಟಿಕಾರ್ನಿಸ್. ಅದೇ ಮರ ಪೂರ್ವ ಆಸ್ಟ್ರೇಲಿಯಾದಲ್ಲಿ ಕೊಆಲಾಗಳ ಅಚ್ಚುಮೆಚ್ಚಿನ ಊಟ, ಅದರ ಪೊಟರೆ ಗಿಳಿಗಳಿಗೆ ಮನೆ. ತಪ್ಪು ಮರದ್ದಲ್ಲ. ಒಣ ಹೊಲದ ತುಂಬ ಒಂದೇ ಜಾತಿಯನ್ನು ಸಾಲಾಗಿ ನೆಟ್ಟು, ಕೆಲವೇ ವರ್ಷಕ್ಕೆ ಕಡಿಯುವ ಬೇಸಾಯದ್ದು ಅಂತ ನನ್ನ ಅಭಿಪ್ರಾಯ. ಊರಿಗೆ ಹೋದಾಗ ಇದನ್ನು ಹೇಳಿದರೆ ಮಾವನವರು ಒಪ್ಪುವುದಿಲ್ಲ, ಬಿಡಿ.

ಮರಳುಗಲ್ಲಿನ ದಿಣ್ಣೆ ಹತ್ತಿ ಇಳಿದರೆ ಇಲವೀನ ರಸ್ತೆಯ ಕಡೆ ಕೆರೆಗಳಂಥ ಲಗೂನ್‌ಗಳಿವೆ. ಎರಡು ಸೆಂಟಿಮೀಟರ್ ಕೂಡ ಇರದ ವಾಲಮ್ ಕಪ್ಪೆ ಈ ಕಾಡಿನ ವಿಶೇಷ. ಅದಕ್ಕೆ ಆಮ್ಲೀಯ ನೀರೇ ಬೇಕು. ಚಳಿಗಾಲ ಹತ್ತಿರವಾಗುವಾಗ, ಮಳೆ ಬಿದ್ದ ಮೇಲೆ ಅದರ ಟಿಣ್ ಟಿಣ್ ದನಿ ಕೇಳಬಹುದು. ಮಕ್ಕಳಿಗೆ ನೀರಿಗೆ ಏನೂ ಎಸೆಯದಂತೆ ಹೇಳಿ. ಅನ್ನವನ್ನೂ ಸಹ!

ಈ ಕಾಡು ತಾನಾಗಿ ಉಳಿದದ್ದಲ್ಲ. ಸುತ್ತ ಬಡಾವಣೆಗಳು ಏಳುತ್ತಿದ್ದಾಗ ಸ್ಥಳೀಯರು ಕರವಾಥ ಅರಣ್ಯ ಸಂರಕ್ಷಣಾ ಸಂಘ ಕಟ್ಟಿ ಹೋರಾಡಿದರು. ನಗರಪಾಲಿಕೆ 1990ರ ದಶಕದಿಂದ ಮನೆ ತೆರಿಗೆಯ ಜೊತೆ ವಸೂಲಾಗುವ ಪರಿಸರ ಶುಲ್ಕದಿಂದ ಜಾಗ ಕೊಂಡಿತು. ನಮ್ಮ ರೇಟ್ಸ್ ಬಿಲ್ಲಿನಲ್ಲಿ ಆ ಸಾಲು ಈಗಲೂ ಇದೆ, ಗೊಣಗದೆ ಕಟ್ಟುವ ಒಂದೇ ಸಾಲು ಅದು.

ಆದರೆ ಕಾಂಪ್ಟನ್ ರಸ್ತೆ ಕಾಡನ್ನು ಸೀಳಿಕೊಂಡು ಹೋಗುತ್ತದೆ. ಅದನ್ನು ನಾಲ್ಕು ಲೇನ್ ಮಾಡುವಾಗ, 2005ರ ಹೊತ್ತಿಗೆ, ಪ್ರಾಣಿಗಳಿಗೆಂದೇ ಮೇಲ್ಸೇತುವೆ ಕಟ್ಟಿದರು. ಅದರ ಮೇಲೆ ಮಣ್ಣು ಹಾಕಿ ಗಿಡ ನೆಟ್ಟರು. ವಾಲಬಿಗಳು ಅದರ ಮೇಲೆ ದಾಟುತ್ತವೆ, ಪೋಸಮ್‌ಗಳಿಗೆ ಹಗ್ಗದ ಏಣಿ. ಕಂಬದಿಂದ ಕಂಬಕ್ಕೆ ತೇಲುವ ಗ್ಲೈಡರ್‌ಗಳಿಗೆ ಸಾಲುಗಂಬ, ಕೆಳಗೆ ಸುರಂಗವೂ ಉಂಟು. ಸನಿಬ್ಯಾಂಕ್ ಕಡೆಗೆ ಆ ರಸ್ತೆಯಲ್ಲಿ ಹೋಗುವಾಗ ತಲೆಯೆತ್ತಿ ನೋಡಿ, ಆ ಹಸಿರು ಕಮಾನೇ ಅದು.

ಹೋಗುವುದಾದರೆ ನೀರು, ಟೋಪಿ, ಮುಚ್ಚಿದ ಶೂ ಇರಲಿ. ಮನೆಗೆ ಬಂದ ಮೇಲೆ ಮಕ್ಕಳ ಕಿವಿ ಹಿಂದೆ, ತಲೆಗೂದಲಲ್ಲಿ ಉಣ್ಣೆ ಇದೆಯೇ ಎಂದು ನೋಡುವುದನ್ನು ಮರೆಯಬೇಡಿ.