ಕಣ್ಣಿಗೆ ಘಾಸಿಯಾಗದಂತೆ ಕಣ್ಣೊಳಗಿನ ಉರಿಯೂತವನ್ನು ಕಾಣುವ ಬಗೆ

ಕಣ್ಣಿಗೆ ಬಣ್ಣ ಕೊಡುವ ಐರಿಸ್, ಅದರ ಹಿಂದಿರುವ ಸಿಲಿಯರಿ ಕಾಯ ಮತ್ತು ಅಕ್ಷಿಪಟಲದ ಬೆನ್ನಿಗಿದ್ದು ಅದನ್ನು ಪೋಷಿಸುವ ಕೋರಾಯ್ಡ್ ಎಂಬ ರಕ್ತನಾಳಗಳ ಪದರ, ಈ ಮೂರನ್ನೂ ಒಟ್ಟಾಗಿ ಯುವಿಯಾ ಎಂದೂ, ಅಲ್ಲಿ ತಲೆದೋರುವ ಉರಿಯೂತವನ್ನು ಯುವೈಟಿಸ್ ಎಂದೂ ಕರೆಯುತ್ತಾರೆ. ಕ್ಷಯದಂಥ ಸೋಂಕು ಇದಕ್ಕೆ ಕಾರಣವಾಗಬಹುದು. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಕಣ್ಣಿನ ಮೇಲೆ ತಿರುಗಿಬೀಳುವುದೂ ಉಂಟು. ದೃಷ್ಟಿಯನ್ನೇ ಕಸಿಯಬಲ್ಲ ಈ ರೋಗದ ಬೆಳವಣಿಗೆಯನ್ನು ತಿಳಿಯಲು ರೋಗಿಯ ಅಕ್ಷಿಪಟಲದಿಂದ ಮತ್ತೆ ಮತ್ತೆ ಚೂರು ತೆಗೆದು ಪರೀಕ್ಷಿಸುವಂತಿಲ್ಲವಾದ್ದರಿಂದ ಸಂಶೋಧಕರು ಇಲಿಗಳಲ್ಲಿ ಅದೇ ಬಗೆಯ ಉರಿಯೂತವನ್ನು ಉಂಟುಮಾಡಿ ಅಧ್ಯಯನ ನಡೆಸುತ್ತಾರೆ.

ಬ್ಯಾಕ್ಟೀರಿಯಾದ ಹೊರಕವಚದಿಂದ ಪಡೆದ ಎಂಡೋಟಾಕ್ಸಿನ್ ಎಂಬ ವಿಷವಸ್ತುವನ್ನು ಚುಚ್ಚಿದರೆ ಸುಮಾರು ಒಂದು ದಿನದೊಳಗೆ ಇಲಿಯ ಕಣ್ಣು ಉರಿಯೂತಕ್ಕೆ ಒಳಗಾಗುತ್ತದೆ. ಅಕ್ಷಿಪಟಲದ್ದೇ ಆದ ಒಂದು ಪ್ರೋಟೀನನ್ನು ಚುಚ್ಚಿ, ದೇಹವು ಅದನ್ನು ಶತ್ರುವೆಂದು ಭಾವಿಸುವಂತೆ ಮಾಡುವ ಇನ್ನೊಂದು ವಿಧಾನದಲ್ಲಿ ರೋಗವು ನಿಧಾನವಾಗಿ, ಎರಡನೆಯ ವಾರದ ಹೊತ್ತಿಗೆ ಕಾಣಿಸಿಕೊಂಡು ಮೂರನೆಯ ವಾರದ ಸುಮಾರಿಗೆ ಉಲ್ಬಣಿಸುತ್ತದೆ. ಹಿಂದೆ ಇದನ್ನು ಅಳೆಯಲು ಇಲಿಯನ್ನು ಕೊಂದು, ಕಣ್ಣನ್ನು ತೆಳುವಾಗಿ ಸೀಳಿ, ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕಿತ್ತು. ಹಾಗೆ ನೋಡಿದ ಕಣ್ಣು ಆ ಒಂದು ದಿನದ ಸ್ಥಿತಿಯನ್ನಷ್ಟೇ ತಿಳಿಸುತ್ತದೆ. ಮರುದಿನದ ಸ್ಥಿತಿಗೆ ಬೇರೊಂದು ಪ್ರಾಣಿಯೇ ಬೇಕು.

1991ರಲ್ಲಿ ಅಮೆರಿಕದ ಎಂ.ಐ.ಟಿ.ಯ ಸಂಶೋಧಕರು ಮತ್ತು ಅವರ ಸಹಯೋಗಿಗಳು ಪ್ರಕಟಿಸಿದ ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿತು. ಕರ್ನಾಟಕದ ಕಣ್ಣಾಸ್ಪತ್ರೆಗಳಲ್ಲಿ ಓಸಿಟಿ ಸ್ಕ್ಯಾನ್ ಎಂದು ಪರಿಚಿತವಾಗಿರುವುದು ಇದೇ. ಅಲ್ಟ್ರಾಸೌಂಡ್ ಧ್ವನಿಯ ಪ್ರತಿಧ್ವನಿಯನ್ನು ಬಳಸುವಂತೆ ಇದು ಸಮೀಪ-ಅವಕೆಂಪು ಬೆಳಕನ್ನು ಕಣ್ಣೊಳಗೆ ಹಾಯಿಸಿ, ಬೇರೆ ಬೇರೆ ಆಳಗಳಿಂದ ಮರಳಿದ ಬೆಳಕನ್ನು ಮೂಲ ಬೆಳಕಿನೊಂದಿಗೆ ಬೆರೆಸಿ ಹೋಲಿಸುವ ಮೂಲಕ ಕೆಲವೇ ಮೈಕ್ರೊಮೀಟರ್‌ಗಳಷ್ಟು ಸೂಕ್ಷ್ಮವಾದ ಅಡ್ಡಕೊಯ್ತದ ಚಿತ್ರವನ್ನು ಕಟ್ಟಿಕೊಡುತ್ತದೆ. ಮನುಷ್ಯನ ಕಣ್ಣಿನ ಉದ್ದ ಸುಮಾರು 24 ಮಿಲಿಮೀಟರ್ ಆದರೆ ಚಿಕ್ಕಿಲಿಯದು 3ಕ್ಕಿಂತ ತುಸು ಹೆಚ್ಚು. ಅಷ್ಟು ಪುಟ್ಟ ಕಣ್ಣಿನಲ್ಲೂ, ಆರೋಗ್ಯವಿದ್ದಾಗ ಕಪ್ಪಾಗಿ ಖಾಲಿಯಾಗಿ ಕಾಣುವ ಮುಂಭಾಗದ ದ್ರವದಲ್ಲಿ ಉರಿಯೂತದ ಜೀವಕೋಶಗಳು ಹೊಳೆಯುವ ಚುಕ್ಕೆಗಳಾಗಿ ತೋರುತ್ತವೆ, ಅವುಗಳನ್ನು ಎಣಿಸಬಹುದು. ಚುಚ್ಚುಮದ್ದಿಗೆ ಮೊದಲಿನ ಚಿತ್ರವನ್ನು ಅದೇ ಪ್ರಾಣಿಯ ನಂತರದ ಚಿತ್ರಗಳೊಂದಿಗೆ ಹೋಲಿಸಲು ಸಾಧ್ಯವಾಗುವುದೇ ಈ ವಿಧಾನದ ನಿಜವಾದ ಬಲ, ಏಕೆಂದರೆ ಒಂದೇ ತಳಿಯ ಇಲಿಗಳಲ್ಲೂ ರೋಗದ ತೀವ್ರತೆ ಒಂದೇ ಸಮನಾಗಿರುವುದಿಲ್ಲ.

ಆದರೆ ಚುಕ್ಕೆಯು ಯಾವ ಬಗೆಯ ಜೀವಕೋಶವೆಂದು ಸಾಮಾನ್ಯ ಓಸಿಟಿ ಹೇಳಲಾರದು. ಉರಿಯೂತ ಮಿತಿಮೀರಿ ಕಣ್ಣಿನ ಮುಂಭಾಗ ಮಬ್ಬಾದರೆ ಬೆಳಕು ಹಿಂಭಾಗವನ್ನು ತಲುಪುವುದೇ ಕಷ್ಟ. ಅರಿವಳಿಕೆಯಲ್ಲಿರುವ ಇಲಿಯ ಮಸೂರವೂ ತಾತ್ಕಾಲಿಕವಾಗಿ ಮಂಜಾಗುವುದುಂಟು. ಮನುಷ್ಯನ ತೀಕ್ಷ್ಣ ದೃಷ್ಟಿಗೆ ಆಧಾರವಾದ ಮ್ಯಾಕ್ಯುಲಾ ಎಂಬ ನಡುಭಾಗ ಇಲಿಗೆ ಇಲ್ಲವೇ ಇಲ್ಲ. ಆದ್ದರಿಂದ ಪ್ರಯೋಗದ ಕೊನೆಗೆ ಸೂಕ್ಷ್ಮದರ್ಶಕದ ಪರೀಕ್ಷೆ ಇಂದಿಗೂ ಬೇಕಾಗುತ್ತದೆ.

ಇಷ್ಟಾದರೂ ಪ್ರತಿ ದಿನದ ಅಳತೆಗೂ ಒಂದೊಂದು ಗುಂಪನ್ನು ಬಲಿಕೊಡುವ ಅಗತ್ಯ ತಪ್ಪಿದ್ದು ಸಣ್ಣ ಸಂಗತಿಯಲ್ಲ. ಪ್ರಯೋಗದಲ್ಲಿ ಪ್ರಾಣಿಗಳ ಬದಲಿಗೆ ಬೇರೆ ದಾರಿ ಹುಡುಕಬೇಕು, ಅವುಗಳ ಸಂಖ್ಯೆ ತಗ್ಗಿಸಬೇಕು, ನೋವು ಕಡಿಮೆ ಮಾಡಬೇಕು ಎಂಬ ಮೂರು ನಿಯಮಗಳನ್ನು ವಿಜ್ಞಾನಿಗಳಾದ ರಸೆಲ್ ಮತ್ತು ಬರ್ಚ್ 1959ರಲ್ಲೇ ಮುಂದಿಟ್ಟಿದ್ದರು. ಅವುಗಳಲ್ಲಿ ಎರಡನೆಯದನ್ನು ಪಾಲಿಸುತ್ತಲೇ ಹೆಚ್ಚು ನಂಬಲರ್ಹವಾದ ಫಲಿತಾಂಶವನ್ನೂ ಪಡೆಯಲು ಕಣ್ಣಿನ ಸಂಶೋಧನೆಗೆ ಈ ಬೆಳಕು ಅವಕಾಶ ಮಾಡಿಕೊಟ್ಟಿದೆ.