ಸೊನ್ನೆ ದಾಟಿದರೆ ದನಿಯಿಲ್ಲ

ಬುರ್ರಕಥೆಯ ಕಂಠವಿರಲಿ, ಟ್ರ್ಯಾಕ್ಟರ್ ಮೇಲೆ ಮೊಳಗುವ ಜಾನಪದ ಹಾಡಿರಲಿ, ಇವತ್ತು ರೆಕಾರ್ಡಾದ ದನಿ ಬಹುಪಾಲು ಮೊದಲು ಅಂಕಿಯಾಗಿ, ಮತ್ತೆ ದನಿಯಾಗಿ ನಮ್ಮ ಕಿವಿ ಸೇರುತ್ತದೆ. ಈ ಅದಲುಬದಲು ಮಾಡುವ ಪೆಟ್ಟಿಗೆ ಹಾಡಿನ ಬಣ್ಣವನ್ನು ಎಷ್ಟು ಬದಲಿಸುತ್ತದೆ?

ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರಿಗೆ ಓದುಬರಹ ಬರುತ್ತಿರಲಿಲ್ಲ. ಆದರೆ ಹನ್ನೆರಡು ಜನಪದ ಮಹಾಕಾವ್ಯಗಳು ಅವರ ನಾಲಿಗೆಯ ಮೇಲಿದ್ದವು. ಲೆಕ್ಕ ಹಾಕಿದವರು ಅದನ್ನು ಎರಡು ಲಕ್ಷ ಪದ, ಅಚ್ಚಾದರೆ ಏಳು ಸಾವಿರ ಪುಟ ಎಂದಿದ್ದಾರೆ. ಬುಡ್ಗಜಂಗಮ ಸಮುದಾಯದ, ಕಥೆಯನ್ನು ಹಾಡಿ ಹೇಳುವ ಬುರ್ರಕಥೆಯ ಈ ಕಲಾವಿದೆಗೆ 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಅವರು ಹಾಡಿದ ‘ಕುಮಾರರಾಮ’ದಂಥ ಕಾವ್ಯಗಳನ್ನು ಪುಸ್ತಕವಾಗಿಸಿತು. 2014ರ ಆಗಸ್ಟ್‌ನಲ್ಲಿ ಈರಮ್ಮ ತೀರಿಕೊಂಡರು. ಪುಸ್ತಕ ಪದಗಳನ್ನು ಉಳಿಸಿದೆ. ಕಥೆ ಬಿಸಿಯೇರಿದಾಗ ದನಿ ಎಲ್ಲಿ ಎದ್ದಿತು, ಎಲ್ಲಿ ಬಿದ್ದಿತು, ಬುರ್ರ ವಾದ್ಯದ ಪೆಟ್ಟು ಯಾವ ಉಸಿರಿಗೆ ಕೂಡಿಕೊಂಡಿತು ಎಂಬುದನ್ನು ಉಳಿಸಬಲ್ಲದ್ದು ಧ್ವನಿಮುದ್ರಣ ಒಂದೇ.

ಇದೇ ಸೀಮೆಯ ಇನ್ನೊಂದು ದನಿಯೂ ಉಂಟು. ಕಂಪ್ಲಿ, ಮೆಟ್ರಿ, ದೇವಸಮುದ್ರದ ಕಡೆ ಭತ್ತ, ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರುಗಳ ಸೌಂಡ್ ಬಾಕ್ಸಿನಿಂದ ಹೊಮ್ಮುವ ಉತ್ತರ ಕರ್ನಾಟಕದ ಜಾನಪದ ಹಾಡುಗಳು. ಸಣ್ಣ ಕೋಣೆಯ ಸ್ಟುಡಿಯೋದಲ್ಲಿ ಹಾಡಿಸಿ, ಲ್ಯಾಪ್‌ಟಾಪಿನಲ್ಲಿ ಮಿಕ್ಸ್ ಮಾಡಿ, ಬಿಡುಗಡೆಗೆ ಮೊದಲು ಒಟ್ಟು ದನಿಯನ್ನು ಹದಗೊಳಿಸುವ ಮಾಸ್ಟರಿಂಗ್ ಮುಗಿಸಿ, ಸಂಜೆಗೆ ಯೂಟ್ಯೂಬಿಗೆ ಏರಿಸಿದರೆ ಮಾರನೆಯ ದಿನ ಹಾಡು ಪೆನ್‌ಡ್ರೈವಿನಲ್ಲಿ ಹೊಲ ಮುಟ್ಟಿರುತ್ತದೆ.

ಈರಮ್ಮನ ಕಾವ್ಯಕ್ಕೂ ಟ್ರ್ಯಾಕ್ಟರ್ ಹಾಡಿಗೂ ಹಾದಿ ಬೇರೆಯಾದರೂ ದಾಟಬೇಕಾದ ಬಾಗಿಲು ಒಂದೇ: ಆಡಿಯೊ ಕನ್ವರ್ಟರ್. ಮೈಕಿನಿಂದ ಬರುವ ವಿದ್ಯುತ್ತಿನ ಅಲೆಯನ್ನು ಅಂಕಿಯಾಗಿಸುವುದು ಒಂದು ಕನ್ವರ್ಟರ್. ಅಂಕಿಯನ್ನು ಮತ್ತೆ ಅಲೆಯಾಗಿಸಿ ಸ್ಪೀಕರಿಗೆ ಕಳಿಸುವುದು ಇನ್ನೊಂದು. ದೊಡ್ಡ ಮಾಸ್ಟರಿಂಗ್ ಸ್ಟುಡಿಯೋಗಳಲ್ಲಿ ಹಾಡು ಈ ಬಾಗಿಲನ್ನು ಮತ್ತೊಂದು ಸುತ್ತು ದಾಟುತ್ತದೆ. ಕಂಪ್ಯೂಟರಿನಿಂದ ಹೊರಬಂದು, ಹಳೆಯ ಮಾದರಿಯ ಕಂಪ್ರೆಸರ್, ಈಕ್ವಲೈಸರ್‌ಗಳೊಳಗೆ ಹಾದು ಮತ್ತೆ ಅಂಕಿಯಾಗಿ ಒಳಗೆ ಹೋಗುತ್ತದೆ. ಹಾಗಾಗಿಯೇ ಮಾಸ್ಟರಿಂಗ್ ಮಾಡುವವರು ಕನ್ವರ್ಟರಿಗೆ ಲಕ್ಷಗಟ್ಟಲೆ ಸುರಿಯುತ್ತಾರೆ. ಇದು ‘ಬೆಚ್ಚಗಿದೆ’, ಅದು ‘ಒಣಗಿದೆ’ ಎಂದು ವಾದಿಸುತ್ತಾರೆ.

ಅಳತೆಯ ಲೆಕ್ಕ

ತುಂಗಭದ್ರಾ ಜಲಾಶಯದ ಮಟ್ಟ ಮಳೆಗಾಲದಲ್ಲಿ ದಿನಾ ಪತ್ರಿಕೆಯಲ್ಲಿ ಬರುತ್ತದೆ: ಗರಿಷ್ಠ 1,633 ಅಡಿ, ಇಂದು ಇಷ್ಟು ಅಡಿ. ಕನ್ವರ್ಟರ್ ಮಾಡುವುದೂ ಇಂಥದೇ ಕೆಲಸ. ಗೊತ್ತಾದ ಹೊತ್ತಿಗೊಮ್ಮೆ ಅಲೆಯ ಎತ್ತರ ಅಳೆದು ಅಂಕಿ ಬರೆದಿಡುತ್ತದೆ. ಎಷ್ಟು ಸಲ ಅಳೆಯುತ್ತದೆ ಎಂಬುದು ಸ್ಯಾಂಪ್ಲಿಂಗ್ ದರ. ಅಳತೆಪಟ್ಟಿಯ ಮೇಲೆ ಎಷ್ಟು ಗೀಟುಗಳಿವೆ ಎಂಬುದು ಬಿಟ್ ಲೆಕ್ಕ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆ, 16 ಬಿಟ್, ಅಂದರೆ 65,536 ಗೀಟು. ಇಂದಿನ ಸ್ಟುಡಿಯೋಗಳ 24 ಬಿಟ್‌ನಲ್ಲಿ ಗೀಟುಗಳ ಸಂಖ್ಯೆ 1,67,77,216.

ಎರಡು ಅಳತೆಗಳ ನಡುವೆ ಇದ್ದ ದನಿ ಕಳೆದುಹೋಗುವುದಿಲ್ಲವೇ? ಬಹಳ ಜನರ ಸಂಶಯ ಇದು. ಉತ್ತರ: ಇಲ್ಲ. ಎಂಜಿನಿಯರ್ ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಬುನಾದಿ ಹಾಕಿ, ಕ್ಲಾಡ್ ಶಾನನ್ 1949ರಲ್ಲಿ ಗಟ್ಟಿಗೊಳಿಸಿದ ಪ್ರಮೇಯವೊಂದಿದೆ. ಅಲೆಯಲ್ಲಿರುವ ಅತಿ ಎತ್ತರದ ಕಂಪನ ಸ್ಯಾಂಪ್ಲಿಂಗ್ ದರದ ಅರ್ಧಕ್ಕಿಂತ ಕಡಿಮೆಯಿದ್ದರೆ, ಆ ಅಂಕಿಗಳಿಂದಲೇ ಇಡೀ ಅಲೆಯನ್ನು ಇದ್ದಂತೆಯೇ ಮರಳಿ ಕಟ್ಟಬಹುದು. ಮನುಷ್ಯರ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್ ಕೇಳುತ್ತದೆ. 44,100ರ ಅರ್ಧ 22,050. ಲೆಕ್ಕ ಸರಿಹೋಗುತ್ತದೆ.

ಆದರೆ ಆ ಷರತ್ತು ಕಟ್ಟುನಿಟ್ಟಿನದು. ಅರ್ಧದ ಗೆರೆ ದಾಟಿದ ಕಂಪನ ಒಳಗೆ ನುಸುಳಿದರೆ ಅದು ವೇಷ ಬದಲಿಸಿಕೊಂಡು ಕೇಳುವ ದನಿಯಾಗಿ ಕಾಣಿಸಿಕೊಳ್ಳುತ್ತದೆ. 30,000 ಹರ್ಟ್ಸ್‌ನ ಕಂಪನ 14,100 ಹರ್ಟ್ಸ್‌ನ ಕೀಚಲಾಗಿ ಬರುತ್ತದೆ. ಅದನ್ನು ಬಾಗಿಲಲ್ಲೇ ತಡೆಯಲು ಫಿಲ್ಟರ್ ಬೇಕು. 1980ರ ದಶಕದ ಮೊದಲ ಡಿಜಿಟಲ್ ಯಂತ್ರಗಳಲ್ಲಿ ಈ ಫಿಲ್ಟರ್ 20,000 ಮತ್ತು 22,050ರ ನಡುವಿನ ಇಕ್ಕಟ್ಟಿನಲ್ಲೇ ದನಿಯನ್ನು ಕಡಿದು ನಿಲ್ಲಿಸಬೇಕಿತ್ತು. ಕಡಿತದ ಅಂಚಿನಲ್ಲಿ ಅಲೆಗಳ ಸಮಯ ಅಷ್ಟಿಷ್ಟು ಹಿಂದುಮುಂದಾಗುತ್ತಿತ್ತು. ‘ಡಿಜಿಟಲ್ ದನಿ ಕಿವಿ ಚುಚ್ಚುತ್ತದೆ’ ಎಂಬ ಆ ಕಾಲದ ದೂರಿಗೆ ಇದೂ ಒಂದು ಕಾರಣ.

ಮುಂದೆ ಡೆಲ್ಟಾ–ಸಿಗ್ಮಾ ಎಂಬ ತಂತ್ರ ಬಂತು. ಅಗತ್ಯಕ್ಕಿಂತ ಅರುವತ್ತನಾಲ್ಕು ಪಟ್ಟು, ಅಂದರೆ ಸೆಕೆಂಡಿಗೆ 28 ಲಕ್ಷಕ್ಕೂ ಹೆಚ್ಚು ಸಲ ಒರಟಾಗಿ ಅಳೆದು, ಆಮೇಲೆ ಗಣಿತದಿಂದ ನಯಗೊಳಿಸಿ ಬೇಕಾದ ದರಕ್ಕೆ ಇಳಿಸುವ ಉಪಾಯ ಅದು. ಕಷ್ಟದ ಕಡಿತವೆಲ್ಲ ಚಿಪ್‌ನೊಳಗಿನ ಲೆಕ್ಕಾಚಾರಕ್ಕೆ ಸೇರಿತು. ಇವತ್ತು ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಕೆಲವೇ ಸಾವಿರ ರೂಪಾಯಿಯ ಇಂಟರ್‌ಫೇಸಿನೊಳಗೂ ಕೂತಿರುವುದು ಇದೇ ಜಾತಿಯ ಚಿಪ್.

ಕಿವಿಯ ಸಾಕ್ಷಿ

ದುಬಾರಿ ಪೆಟ್ಟಿಗೆಯ ಮಹಿಮೆಯನ್ನು ಕಿವಿಗೆ ಒಡ್ಡಿದವರಿದ್ದಾರೆ. ಅಮೆರಿಕದ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಉನ್ನತ ಗುಣಮಟ್ಟದ ಡಿಸ್ಕ್‌ಗಳ ಸಂಗೀತವನ್ನು ಒಮ್ಮೆ ನೇರವಾಗಿ, ಇನ್ನೊಮ್ಮೆ ಸಿ.ಡಿ. ಗುಣಮಟ್ಟದ ಕನ್ವರ್ಟರಿನ ಮೂಲಕ ಹಾಯಿಸಿ ಕೇಳಿಸಿದರು. ಯಾವುದು ಯಾವುದೆಂದು ಕೇಳುಗರಿಗೆ ತಿಳಿಸಲಿಲ್ಲ. 554 ಸಲ ಕೇಳಿದ್ದರಲ್ಲಿ ಸರಿಯಾಗಿ ಗುರುತಿಸಿದ್ದು 276 ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

2022ರ ಜುಲೈನಲ್ಲಿ ಮೊಬೈಲ್ ಫಿಡೆಲಿಟಿ ಎಂಬ ಅಮೆರಿಕದ ಹೆಸರಾಂತ ಗ್ರಾಮಫೋನ್ ರೆಕಾರ್ಡ್ ಸಂಸ್ಥೆಯ ಕಥೆ ಬಯಲಾಯಿತು. ಎಲ್ಲೂ ಅಂಕಿಯಾಗದ, ಸಂಪೂರ್ಣ ಅನಲಾಗ್ ದನಿ ಎಂದು ನಂಬಿ ಗ್ರಾಹಕರು ದುಬಾರಿ ಬೆಲೆ ತೆತ್ತು ಕೊಂಡಿದ್ದ ಎಷ್ಟೋ ರೆಕಾರ್ಡುಗಳು ನಡುವೆ ಒಮ್ಮೆ ಡಿಜಿಟಲ್ ಆಗಿ ಹಾದುಬಂದಿದ್ದವು. ಹತ್ತು ವರ್ಷ ‘ಅಂಕಿಯ ಸೋಂಕಿಲ್ಲದ ದನಿ’ ಎಂದು ಹಾಡಿ ಹೊಗಳಿದ್ದ ಕಿವಿಗಳಿಗೆ ಅದು ಗೊತ್ತೇ ಆಗಿರಲಿಲ್ಲ. ಒಳ್ಳೆಯ ಕನ್ವರ್ಟರನ್ನು ಸರಿಯಾಗಿ ಬಳಸಿದರೆ ಅದು ಇದೆಯೆಂದೇ ತಿಳಿಯದು.

ಹಾಗಾದರೆ ಆ ಬೆಚ್ಚಗಿನ ಬಣ್ಣ, ಒಣ ಬಣ್ಣ ಬರಿಯ ಭ್ರಮೆಯೇ? ಪೂರ್ತಿ ಅಲ್ಲ. ಚಿಪ್‌ನ ಹಿಂದೆ ಮುಂದೆ ಇರುವ ಅನಲಾಗ್ ಭಾಗ ತನ್ನ ಗುಣ ತೋರಿಸುತ್ತದೆ. ಬರ್ಲ್ ಕಂಪನಿಯ ಕನ್ವರ್ಟರಿನ ಒಳಹಾದಿಯಲ್ಲಿ ಬೇಕೆಂದೇ ಟ್ರಾನ್ಸ್‌ಫಾರ್ಮರ್ ಇಟ್ಟಿದ್ದಾರೆ. ಜೋರು ದನಿ ಬಂದಾಗ ಅದು ಕೊಂಚ ಕೊಬ್ಬು ಸೇರಿಸುತ್ತದೆ. ಅಪೋಜಿ ಕಂಪನಿ ಏಕಾಏಕಿ ಏರುವ ಅಲೆಯ ತುದಿಯನ್ನು ಮೆಲ್ಲಗೆ ಬಾಗಿಸುವ ‘ಸಾಫ್ಟ್ ಲಿಮಿಟ್’ ಎಂಬ ಏರ್ಪಾಡು ಮಾಡಿತು. ಬಣ್ಣ ಬೇಕೆಂದವರಿಗೆ ಬಣ್ಣ ಕೊಡುವ ಯಂತ್ರಗಳಿವು. ಆದರೆ ಹಾಡನ್ನು ನಿಜವಾಗಿ ಕೆತ್ತುವುದು, ಕೆಲವೊಮ್ಮೆ ಕೆಡಿಸುವುದು, ಇನ್ನೊಂದು ಸಂಗತಿ: ಲೆವೆಲ್, ಅಂದರೆ ದನಿಯ ಮಟ್ಟ.

ಕೆಂಪು ದೀಪದ ಪೈಪೋಟಿ

ಟೇಪಿನ ಕಾಲದಲ್ಲಿ ಲೆವೆಲ್ ಸ್ವಲ್ಪ ಮೀರಿದರೆ ದನಿ ಮೆಲ್ಲಗೆ ಒರಟಾಗುತ್ತಿತ್ತು, ಅಷ್ಟೇ. ಡಿಜಿಟಲ್‌ನಲ್ಲಿ ಸೊನ್ನೆ ಡೆಸಿಬೆಲ್ ಎಂಬುದು ಕೊನೆಯ ಗೀಟು. ಅದರ ಮೇಲೆ ಬರೆಯಲು ಅಂಕಿಯೇ ಇಲ್ಲ. ಅಲೆ ಅಲ್ಲಿಗೆ ತಲೆ ತಾಗಿಸಿದ ಕ್ಷಣ ಅದರ ತುದಿ ಚಪ್ಪಟೆಯಾಗುತ್ತದೆ. ಇದೇ ಕ್ಲಿಪ್ಪಿಂಗ್; ಆಗ ಮೀಟರಿನ ಕೆಂಪು ದೀಪ ಹೊತ್ತಿಕೊಳ್ಳುತ್ತದೆ.

ಮಾಸ್ಟರಿಂಗ್ ಎಂಜಿನಿಯರುಗಳು ಇದನ್ನು ಉಪಾಯವಾಗಿಯೂ ಬಳಸಿದರು. ಡೋಲಿನ ಪೆಟ್ಟಿನಂಥ ತೀರ ಚಿಕ್ಕ ಕ್ಷಣದ ತುದಿಯನ್ನು ಕತ್ತರಿಸಿದರೆ ಕಿವಿಗೆ ಅಷ್ಟಾಗಿ ತಿಳಿಯದು; ಉಳಿದ ಹಾಡನ್ನು ಅಷ್ಟು ಮೇಲೆತ್ತಲು ಜಾಗ ಸಿಗುತ್ತದೆ. ಕನ್ವರ್ಟರಿಗೆ ಬೇಕೆಂದೇ ಹೆಚ್ಚು ಲೆವೆಲ್ ಕೊಟ್ಟು ತುದಿ ಕತ್ತರಿಸುವುದು ಅವರಲ್ಲಿ ರೂಢಿಯ ಮಾತು. ಒಂದು ಡೆಸಿಬೆಲ್ ಕತ್ತರಿಸಿದರೆ ಹಾಡು ಗಟ್ಟಿಯಾಗುತ್ತದೆ. ಐದಾರು ಕತ್ತರಿಸಿದರೆ ಹಲಗೆಯ ಏಟು ರಟ್ಟಿನ ಡಬ್ಬ ಬಡಿದಂತಾಗುತ್ತದೆ, ಗಾಯಕನ ದನಿಗೆ ಮರಳು ಮೆತ್ತಿದಂತಾಗುತ್ತದೆ.

ಇನ್ನೊಬ್ಬರ ಹಾಡಿಗಿಂತ ತಮ್ಮದು ಗಟ್ಟಿಯಾಗಿರಲಿ ಎಂಬ ಈ ಪೈಪೋಟಿಯ ಬುಡಕ್ಕೇ ಸ್ಪಾಟಿಫೈ, ಯೂಟ್ಯೂಬ್‌ಗಳು ಕೈಹಾಕಿದವು. ಹಾಡಿನ ಸರಾಸರಿ ಗಟ್ಟಿತನ ಅಳೆದು, ಜೋರಿರುವುದನ್ನು ಸುಮಾರು ಮೈನಸ್ 14 ಡೆಸಿಬೆಲ್‌ನ ಮಟ್ಟಕ್ಕೆ ಇಳಿಸುತ್ತವೆ. ಮೈನಸ್ 7ರಲ್ಲಿ ಅರಚುವಂತೆ ಮಾಸ್ಟರ್ ಮಾಡಿದ ಹಾಡು ಅಲ್ಲಿ ಏಳು ಡೆಸಿಬೆಲ್ ಕೆಳಗಿಳಿಯುತ್ತದೆ. ಗಟ್ಟಿತನ ಹೋಗುತ್ತದೆ, ಕತ್ತರಿಸಿದ ಗಾಯ ಮಾತ್ರ ಉಳಿಯುತ್ತದೆ.

ಹಾಗಂತ ನಮ್ಮ ಸ್ಟುಡಿಯೋದವರನ್ನು ಸುಮ್ಮನೆ ಬೈಯುವಂತಿಲ್ಲ. ಟ್ರ್ಯಾಕ್ಟರಿನ ಡೆಕ್ಕಿಗೆ ಪೆನ್‌ಡ್ರೈವ್ ಚುಚ್ಚಿದರೆ ಅಲ್ಲಿ ಯಾರೂ ಗಟ್ಟಿತನ ಸಮ ಮಾಡುವುದಿಲ್ಲ. ಹಿಂದಿನ ಹಾಡಿಗಿಂತ ಮುಂದಿನದು ಮೆತ್ತಗಾದರೆ ಡ್ರೈವರ್ ಅದನ್ನು ದಾಟಿಸಿ ಮುಂದೆ ಹೋಗುತ್ತಾನೆ. ಇಂಜಿನ್ನಿನ ಸದ್ದು ಬೇರೆ ಮೀರಬೇಕು. ಅವರ ಪೈಪೋಟಿಗೆ ಅವರದೇ ಕಾರಣವಿದೆ. ಆದರೆ ಇನ್ನೊಂದು ಪೆಟ್ಟು ಅವರ ಕಣ್ಣು ತಪ್ಪಿಸುತ್ತದೆ. ಕಂಪ್ಯೂಟರಿನ ಮೀಟರ್ ಸೊನ್ನೆ ಮೀರದಿದ್ದರೂ, ಎರಡು ಅಂಕಿಗಳ ನಡುವೆ ಮರಳಿ ಕಟ್ಟುವ ಅಲೆ ಸೊನ್ನೆಗಿಂತ ಮೇಲೇರಬಹುದು. ಹಾಡನ್ನು ಎಂಪಿ3ಗೆ ಕುಗ್ಗಿಸಿದಾಗ ತುದಿಗಳು ಇನ್ನೂ ಎತ್ತರವಾಗುವುದುಂಟು. ಡೆಕ್ಕಿನೊಳಗಿನ ಅಗ್ಗದ ಕನ್ವರ್ಟರಿಗೆ ಅದನ್ನು ತಾಳುವ ಜಾಗವಿರುವುದಿಲ್ಲ; ಸ್ಟುಡಿಯೋದಲ್ಲಿ ಸರಿಯಿದ್ದ ಹಾಡು ಹೊಲದಲ್ಲಿ ಒಡೆಯುತ್ತದೆ. ‘ಟ್ರೂ ಪೀಕ್’ ತೋರಿಸುವ ಮೀಟರ್ ಇಟ್ಟು ಕೊನೆಗೆ ಒಂದು ಡೆಸಿಬೆಲ್ ಬಿಟ್ಟರೆ ಈ ಒಡಕು ಬಹುಪಾಲು ತಪ್ಪುತ್ತದೆ. ಖರ್ಚಿಲ್ಲದ ಮಾಸ್ಟರಿಂಗ್ ಇದು.

ಅಂಗಳದ ಗಣಿತ

ರೆಕಾರ್ಡಿಂಗ್ ಮಾಡುವಾಗಿನ ಲೆಕ್ಕ ಇನ್ನೂ ಸರಳ. ಹಳ್ಳಿಯ ಅಂಗಳದಲ್ಲಿ ಬುರ್ರಕಥೆ ನಡೆದಿದೆ ಎಂದಿಟ್ಟುಕೊಳ್ಳಿ. ಮೈಕಿನ ಬಳಿ ಅತಿ ಜೋರಿನ ದನಿ 100 ಡೆಸಿಬೆಲ್. ಗಾಳಿ, ಹಕ್ಕಿ, ದೂರದ ಪಂಪ್‌ಸೆಟ್ ಎಲ್ಲ ಸೇರಿ ಹಿನ್ನೆಲೆಯ ಸದ್ದು 40. ನಡುವಿನ ಅಂತರ 60. ಸಾಧಾರಣ 24 ಬಿಟ್ ಇಂಟರ್‌ಫೇಸೂ 100 ಡೆಸಿಬೆಲ್ ಅಂತರವನ್ನು ಹಿಡಿಯುತ್ತದೆ. ಉತ್ತಮವಾದದ್ದು 120 ದಾಟುತ್ತದೆ. ಅಂದರೆ ಹಾಡಿನ ತುದಿಯನ್ನು ಸೊನ್ನೆಗಿಂತ ಹನ್ನೆರಡು ಡೆಸಿಬೆಲ್ ಕೆಳಗೆ ಇಟ್ಟರೂ ಕಳೆದುಕೊಳ್ಳುವುದು ಏನೂ ಇಲ್ಲ. ಕಥೆಗಾತಿ ಮೆಲುದನಿಯಲ್ಲಿ ವಿವರಿಸುತ್ತ ಇದ್ದಕ್ಕಿದ್ದಂತೆ ಯುದ್ಧದ ಕೂಗು ಹಾಕಿದರೆ ಆ ಹನ್ನೆರಡು ಡೆಸಿಬೆಲ್ಲೇ ಕಾಪಾಡುತ್ತದೆ. ಮೀಟರನ್ನು ಕೆಂಪಿನ ಅಂಚಿಗೆ ತಳ್ಳುವ ಚಾಳಿ 16 ಬಿಟ್ ಕಾಲದ್ದು. ಅದನ್ನು ಇಂದೂ ಮುಂದುವರಿಸಲು ಕಾರಣವಿಲ್ಲ.

ಇಂಥ ಹಠಾತ್ ಏರಿಕೆಗೆ ಹಂಪಿಯ ವಿಜಯ ವಿಠ್ಠಲ ದೇವಾಲಯದ ಸಂಗೀತ ಕಂಬಗಳನ್ನೂ ನೆನೆಯಿರಿ. ಕಲ್ಪಾಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅವುಗಳ ನಾದವನ್ನು ಅಳೆದು, ತೆಳುಗಂಬಗಳು ಬಾಗಿ ಬಳುಕುವ ಕಂಪನದಿಂದ ಆ ಸ್ವರ ಹುಟ್ಟುತ್ತದೆ ಎಂದು ತೋರಿಸಿದ್ದಾರೆ. ಕಲ್ಲಿಗೆ ಪೆಟ್ಟು ಬಿದ್ದ ಮೊದಲ ಕ್ಷಣದಲ್ಲಿ ಚೂಪು ಏರಿಕೆ, ಆಮೇಲೆ ನಿಧಾನ ಇಳಿಯುವ ನಾದ. ಲೆವೆಲ್ ಇಡುವವರಿಗೆ ಇದೊಂದು ಕಠಿಣ ಪರೀಕ್ಷೆ. ಈಗ ಪ್ರವಾಸಿಗರು ಕಂಬ ತಟ್ಟುವಂತಿಲ್ಲ. ಆ ಚೂಪು ತುದಿ ಯಾವುದೋ ಹಳೆಯ ರೆಕಾರ್ಡಿಂಗಿನಲ್ಲಿ ಕ್ಲಿಪ್ ಆಗಿದ್ದರೆ ಅದನ್ನು ಸರಿಪಡಿಸಲು ಇನ್ನೊಮ್ಮೆ ಹೋಗಿ ತಟ್ಟಿ ಬರಲಾಗದು.

ಒಂದೇ ಸಲದ ಕೆಲಸ

ಟೇಪು, ಕ್ಯಾಸೆಟ್ಟುಗಳಲ್ಲಿರುವ ಜನಪದ ಸಂಗ್ರಹಕ್ಕೂ ಇದೇ ಮಾತು. ಬಿಸಿಲು, ತೇವ, ಬೂಷ್ಟು ಸೇರಿ ಟೇಪನ್ನು ತಿನ್ನುತ್ತವೆ. ಕೆಲವು ಟೇಪುಗಳು ಕೊನೆಯ ಬಾರಿಗೆ ಒಮ್ಮೆ ಓಡಬಲ್ಲವು, ಅಷ್ಟೇ. ಧ್ವನಿ ಮತ್ತು ದೃಶ್ಯಶ್ರವ್ಯ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಐಎಎಸ್‌ಎ ಇದಕ್ಕೆ ಮಾರ್ಗಸೂಚಿ ಬರೆದಿದೆ: ಕನಿಷ್ಠ 48,000 ದರ, 24 ಬಿಟ್, ಆದಷ್ಟು 96,000. ಕಂಪ್ಯೂಟರಿನೊಳಗಿನ ಸೌಂಡ್ ಕಾರ್ಡ್ ಬೇಡ, ಹೊರಗೆ ಬೇರೆಯೇ ಕನ್ವರ್ಟರ್ ಇರಲಿ.

ಆದರೆ ಕನ್ವರ್ಟರಿಗಿಂತ ಮೊದಲು ಟೇಪ್ ಡೆಕ್ಕಿನ ಹೆಡ್ ನೋಡಬೇಕು. ಟೇಪಿನ ಮೇಲೆ ಹೆಡ್ ನಿಲ್ಲುವ ಓರೆ ಕೂದಲೆಳೆಯಷ್ಟು ತಪ್ಪಿದರೂ ಗೆಜ್ಜೆಯ ಝಣ, ತಂಬೂರಿಯ ಮಿಂಚು ಮಂಕಾಗುತ್ತದೆ. ಅದನ್ನು ಯಾವ ದುಬಾರಿ ಪೆಟ್ಟಿಗೆಯೂ ಮರಳಿ ತರದು. ಸ್ಕ್ರೂ ತಿರುಗಿಸಿ, ಪ್ರತಿ ಕ್ಯಾಸೆಟ್ಟಿಗೂ ಬೇರೆಯಾಗಿ ಕಿವಿಯಿಂದ ಸರಿ ಮಾಡಬೇಕಾದ ಕೆಲಸ ಅದು. ಅದರ ಜೊತೆಗೆ ಕರೆಂಟಿನ ಅರ್ಥಿಂಗ್. ಅರ್ಥಿಂಗ್ ಸರಿಯಿಲ್ಲದ ಕೋಣೆಯಲ್ಲಿ 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ಟೇಪಿನ ದನಿಯ ಜೊತೆಗೇ ಅಂಕಿಯಾಗಿ ಕೂತುಬಿಡುತ್ತದೆ.

ಇದೇ ಸೀಮೆಯನ್ನು ಆಳಿದ ಕಂಪಿಲರಾಯನ ರಾಜ್ಯ 1327ರಲ್ಲಿ ದೆಹಲಿಯ ಸೇನೆಗೆ ಬಿತ್ತು. ಅವನ ಮಗ ಕುಮಾರರಾಮನ ಕಥೆ ಮಾತ್ರ ಬಾಯಿಂದ ಬಾಯಿಗೆ ಬಂದು ದರೋಜಿಯ ಈರಮ್ಮನನ್ನು ಮುಟ್ಟಿತು. ಬಾಯಿಯ ಪರಂಪರೆಯಲ್ಲಿ ಪ್ರತಿ ತಲೆಮಾರು ಕಥೆಗೆ ತನ್ನ ಬಣ್ಣ ಹಚ್ಚುತ್ತದೆ. ಅದು ಅದರ ಜೀವ. ದಾಖಲೆಯ ಕೆಲಸಕ್ಕೆ ಆ ಸಲುಗೆ ಇಲ್ಲ. ಹಾಗಾಗಿ ದಾಖಲೆ, ಬಣ್ಣ ಹಚ್ಚಿದ ಪ್ರತಿ ಎರಡನ್ನೂ ಬೇರೆ ಬೇರೆ ಫೈಲಿನಲ್ಲಿ ಇಡುವುದು ಜಾಣತನ. ಮೊದಲ ಪರಿವರ್ತನೆಯ ಕಚ್ಚಾ ಫೈಲನ್ನು ಸದ್ದು ತೆಗೆಯದೆ, ಗಟ್ಟಿ ಮಾಡದೆ, ಇದ್ದಂತೆಯೇ ಎರಡು ಮೂರು ಕಡೆ ಕಾಪಿಡಬೇಕು. ಅದರ ಪ್ರತಿಯ ಮೇಲೆ ಯಾರು ಬೇಕಾದರೂ ಮಾಸ್ಟರಿಂಗ್ ಮಾಡಲಿ: ರೇಡಿಯೊಗೆ ಒಂದು ಬಗೆ, ಮೊಬೈಲಿಗೆ ಒಂದು, ಟ್ರ್ಯಾಕ್ಟರಿಗೆ ಇನ್ನೊಂದು.

ಹಣ ಹಾಕುವ ಕ್ರಮವೂ ಇದರಿಂದಲೇ ತಿಳಿಯುತ್ತದೆ. ಮೊದಲು ಸದ್ದಡಗಿದ ಕೋಣೆ, ಆಮೇಲೆ ಮೈಕು ಅಥವಾ ಡೆಕ್ಕಿನ ಹೆಡ್, ಅರ್ಥಿಂಗ್, ಲೆವೆಲ್ ನೋಡುವ ತಾಳ್ಮೆ. ಇವೆಲ್ಲ ಆದ ಮೇಲೆ ದುಬಾರಿ ಕನ್ವರ್ಟರಿನ ಮಾತು. ಮಾಸ್ಟರಿಂಗ್ ಮನಸ್ಸಿಗೆ ಬಾರದಿದ್ದರೆ ನಾಳೆ ಮತ್ತೆ ಮಾಡಬಹುದು. ಒಳಬರುವಾಗ ತುದಿ ಕತ್ತರಿಸಿಕೊಂಡ ದನಿಗೆ ಆ ನಾಳೆ ಇಲ್ಲ.